ಎರಡು ನಿಮಿಷವನ್ನು ಐದು ಗಂಟೆಗೆ ಹಿಗ್ಗಿಸುವ ಬಗೆ

(ಕುದುರೆ ಪಂದ್ಯದ ನೇರ ಪ್ರಸಾರಕ್ಕೆ ಹೊಸದಾಗಿ ನೇಮಕಗೊಂಡ ನಿರ್ಮಾಪಕರ ಉಪಯೋಗಕ್ಕಾಗಿ ಸಿದ್ಧಪಡಿಸಿದ ಕೈಪಿಡಿ)

ಕೆಲಸಕ್ಕೆ ಕೈಹಾಕುವ ಮುನ್ನ ಈ ಕೈಪಿಡಿಯನ್ನು ಪೂರ್ತಿ ಓದಿಕೊಳ್ಳಿ. ಓದಿದ ಮೇಲೆ ಕುದುರೆಗಳ ಬಾಯಿಗೆ ಸಿಗದ ಜಾಗದಲ್ಲಿ ಎತ್ತಿಡಿ. ಕುದುರೆಗಳ ವಿಷಯದಲ್ಲಿ ನೀವು ತಲೆಕೆಡಿಸಿಕೊಳ್ಳಬೇಕಾದದ್ದು ಹೆಚ್ಚುಕಡಿಮೆ ಇಷ್ಟೇ.

ಸರಕಿನ ಪರಿಚಯ

ನಿಮ್ಮ ಕೈಗೆ ಒಪ್ಪಿಸಿರುವ ಸರಕು ಬಹಳ ಚಿಕ್ಕದು. ಅಮೆರಿಕದ ಲೂಯಿವಿಲ್ ಊರಿನ ಚರ್ಚಿಲ್ ಡೌನ್ಸ್ ಮೈದಾನದಲ್ಲಿ ನಡೆಯುವ ಕೆಂಟಕಿ ಡರ್ಬಿಯನ್ನೇ ತೆಗೆದುಕೊಳ್ಳಿ. 1875ರಿಂದ ಒಂದು ವರ್ಷವೂ ತಪ್ಪಿಲ್ಲ. ಸಾಮಾನ್ಯವಾಗಿ ಮೇ ತಿಂಗಳ ಮೊದಲ ಶನಿವಾರ, ಮೂರು ವರ್ಷದ ಕುದುರೆಗಳು, ಹೆಚ್ಚೆಂದರೆ ಇಪ್ಪತ್ತು. ಓಡುವ ದೂರ ಹತ್ತು ಫರ್ಲಾಂಗು, ಅಂದರೆ ಎರಡು ಕಿಲೋಮೀಟರಿಗೆ ಕೂದಲೆಳೆಯಷ್ಟು ಹೆಚ್ಚು. 1973ರಲ್ಲಿ ಸೆಕ್ರೆಟೇರಿಯಟ್ ಎಂಬ ಕೆಂಗಂದು ಕುದುರೆ 1 ನಿಮಿಷ 59.4 ಸೆಕೆಂಡಿನಲ್ಲಿ ಓಡಿ ಮುಗಿಸಿದ್ದೇ ಇವತ್ತಿಗೂ ದಾಖಲೆ. ಉಳಿದವು ಹೆಚ್ಚಾಗಿ ಎರಡು ನಿಮಿಷದ ಮೇಲೆ ಒಂದಿಷ್ಟು ಚಿಲ್ಲರೆ ತೆಗೆದುಕೊಳ್ಳುತ್ತವೆ.

ಇದನ್ನು ದೇಶವಿಡೀ ನೇರವಾಗಿ ತೋರಿಸುವ ಕೆಲಸವನ್ನು ಸಿಬಿಎಸ್ 1952ರಲ್ಲಿ ಆರಂಭಿಸಿತು. 2001ರಿಂದ ಎನ್‌ಬಿಸಿ ನಡೆಸಿಕೊಂಡು ಬಂದಿದೆ, ಈಚೆಗೆ ಸುಮಾರು ಐದು ಗಂಟೆಯ ಕಾರ್ಯಕ್ರಮವಾಗಿ. ಮುನ್ನೂರು ನಿಮಿಷ ಎಂದಿಟ್ಟುಕೊಳ್ಳಿ. ಕುದುರೆಗಳು ತಮ್ಮ ಪಾಲಿನ ಎರಡನ್ನು ಕೊಟ್ಟು ಲಾಯಕ್ಕೆ ಹೋಗುತ್ತವೆ. ಉಳಿದ 298 ನಿಮಿಷ ನಿಮ್ಮ ಜವಾಬ್ದಾರಿ.

ಆವತ್ತು ಬೆಳಗಿನಿಂದ ಅದೇ ಮೈದಾನದಲ್ಲಿ ಬೇರೆ ರೇಸುಗಳೂ ನಡೆಯುತ್ತಿರುತ್ತವಲ್ಲ, ಅವನ್ನೆಲ್ಲ ತೋರಿಸಿ ಹೊತ್ತು ತುಂಬಬಹುದಲ್ಲ ಎಂದು ಹೊಸಬರಿಗೆ ಅನ್ನಿಸುವುದುಂಟು. ಒಂದೆರಡನ್ನು ತೋರಿಸಿ, ತಪ್ಪಿಲ್ಲ. ಎಲ್ಲವನ್ನೂ ತೋರಿಸಲು ಹೊರಟರೆ ಅದು ಕುದುರೆ ಪಂದ್ಯದ ಕಾರ್ಯಕ್ರಮವಾಗಿಬಿಡುವ ಅಪಾಯವಿದೆ.

ಜೋಡಣೆ

ಮೊದಲು ಟೋಪಿ. ಡರ್ಬಿಗೆ ಬರುವ ಹೆಂಗಸರು ಛತ್ರಿಯಗಲದ ಟೋಪಿ ಹಾಕಿಕೊಂಡು ಬರುತ್ತಾರೆ. ಅದರ ಮೇಲೆ ಹೂವು, ಗರಿ, ಹಕ್ಕಿ, ಒಮ್ಮೊಮ್ಮೆ ಒಂದು ಚಿಕ್ಕ ಕುದುರೆಯೂ ಇರುತ್ತದೆ. ಆ ಕುದುರೆಯನ್ನು ಹತ್ತಿರದಿಂದ ತೋರಿಸಿ, ಅದು ಅಲುಗಾಡುವುದಿಲ್ಲ. ಟೋಪಿಯವರನ್ನು ಮಾತಾಡಿಸಿ: ಎಲ್ಲಿ ಕೊಂಡಿರಿ, ತೂಕ ಎಷ್ಟು, ಹಿಂದೆ ಕೂತವರು ಏನೆಂದರು. ಬ್ರಿಟನ್ನಿನಲ್ಲಿ ಕೆಲಸ ಸಿಕ್ಕರೂ ಚಿಂತೆ ಬೇಡ. ರಾಯಲ್ ಆಸ್ಕಟ್‌ನಲ್ಲಿ ಟೋಪಿಯ ಜೊತೆಗೆ ರಾಜಮನೆತನದ ಸಾರೋಟೂ ಬರುತ್ತದೆ. ಅದನ್ನು ಎಳೆಯುವ ಕುದುರೆಗಳು ಓಡುವುದಿಲ್ಲವಾದ್ದರಿಂದ ಕ್ಯಾಮೆರಾಕ್ಕೆ ಬಹಳ ಅನುಕೂಲ.

ಆಮೇಲೆ ಪಾನೀಯ. ಬರ್ಬನ್ ವಿಸ್ಕಿ, ಸಕ್ಕರೆ ಪಾಕ, ಪುದೀನ, ಪುಡಿ ಮಾಡಿದ ಐಸು ಸೇರಿದರೆ ಮಿಂಟ್ ಜುಲೆಪ್. ಪುದೀನವನ್ನು ಜಜ್ಜುವ ದೃಶ್ಯಕ್ಕೆ ಎರಡು ಕ್ಯಾಮೆರಾ ಇರಲಿ. ನಿರೂಪಕ ಒಂದು ಗುಟುಕು ಕುಡಿದು ಕಣ್ಣರಳಿಸಲಿ. ಪ್ರತಿ ವರ್ಷ ಕಣ್ಣರಳಿಸಬೇಕು, ಹಿಂದೆಂದೂ ರುಚಿ ನೋಡಿಯೇ ಇಲ್ಲದವರ ಹಾಗೆ.

ಮೂರನೆಯದು ಮನಕರಗಿಸುವ ಕಥೆ. ಇದಕ್ಕೆ ಪಿಯಾನೊ ಬೇಕು. ಕುದುರೆಗೆ ಸಂದರ್ಶನ ಕೊಡಲು ಬರುವುದಿಲ್ಲ. ಈ ಉದ್ಯಮದ ಮೂಲ ದೋಷವೇ ಅದು. ಆದ್ದರಿಂದ ಮಾಲೀಕ, ತರಬೇತುದಾರ, ಜಾಕಿ, ಜಾಕಿಯ ತಾಯಿ, ಇವರಲ್ಲಿ ಯಾರಿಗಾದರೂ ಬಂದ ಕಷ್ಟವನ್ನು ಹುಡುಕಿ ತೆಗೆಯಿರಿ. ಅವರು ಮಾತಾಡುತ್ತಿರುವಾಗ ಹಿನ್ನೆಲೆಯಲ್ಲಿ ಕುದುರೆ ನಿಧಾನಗತಿಯಲ್ಲಿ ಕತ್ತು ತಿರುಗಿಸಲಿ. ಅದು ಹುಲ್ಲಿನ ಕಡೆ ತಿರುಗಿಸಿರುತ್ತದೆ. ವೀಕ್ಷಕರಿಗೆ ಮಾತ್ರ ಅದು ಬದುಕಿನ ಕಡೆ ತಿರುಗಿಸಿದಂತೆ ಕಾಣಬೇಕು.

ಪ್ರಾಣಿಯ ಓಟದಿಂದ ಮನುಷ್ಯನನ್ನು ಹೆಕ್ಕಿ ತೆಗೆಯುವ ಈ ವಿದ್ಯೆಗೆ ನಮ್ಮ ಕರಾವಳಿಯಲ್ಲೇ ಒಳ್ಳೆಯ ಉದಾಹರಣೆ ಸಿಗುತ್ತದೆ. 2020ರ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು ಓಡಿಸಿದ ಕೋಣಗಳ ಜೋಡಿ 142.5 ಮೀಟರ್ ಕರೆಯನ್ನು, ಅಂದರೆ ಕೆಸರಿನ ಓಟದ ಹಾದಿಯನ್ನು, 13.62 ಸೆಕೆಂಡಿನಲ್ಲಿ ಮುಟ್ಟಿತು. ಸುದ್ದಿಯವರು ಕೂಡಲೇ ಭಾಗಾಕಾರ ಮಾಡಿ ನೂರು ಮೀಟರಿಗೆ 9.55 ಎಂದು ತೆಗೆದು, ಉಸೇನ್ ಬೋಲ್ಟ್ ಪಕ್ಕದಲ್ಲಿ ಗೌಡರನ್ನು ನಿಲ್ಲಿಸಿಬಿಟ್ಟರು. ಕೋಣಗಳು ಮುಂದೆ ಎಳೆಯುತ್ತಿದ್ದವು ಎಂದು ಗೌಡರೇ ನೆನಪಿಸಬೇಕಾಯಿತು. ಆ ವಾರ ಪರದೆಯ ಮೇಲೆ ಕೋಣಗಳಿಗೆ ಸಿಕ್ಕ ಜಾಗವನ್ನು ನೋಡಿದ್ದರೆ ಯಾವ ಡರ್ಬಿಯ ನಿರ್ಮಾಪಕನಿಗೂ ಹೊಟ್ಟೆಕಿಚ್ಚಾಗುತ್ತಿತ್ತು.

ಪರಿಣತರ ಮೇಜು

ಒಂದು ಉದ್ದನೆಯ ಮೇಜು, ನಾಲ್ಕು ಕುರ್ಚಿ, ನಾಲ್ಕು ಪರಿಣತರು. ನಾಲ್ವರೂ ಬೇರೆಬೇರೆ ಕುದುರೆ ಗೆಲ್ಲುತ್ತದೆ ಎನ್ನಬೇಕು. ಒಬ್ಬರದ್ದಾದರೂ ನಿಜವಾದರೆ ಸಂಸ್ಥೆಯ ಮಾನ ಉಳಿದಂತೆ. ಬ್ರಿಟನ್ನಿನ ಪರದೆಯ ಮೇಲೆ ಜಾನ್ ಮೆಕ್ರಿರಿಕ್ ಎಂಬುವರು ಬೇಟೆಗಾರನ ಟೋಪಿ ಹಾಕಿಕೊಂಡು, ಬುಕ್ಕಿಗಳು ಪರಸ್ಪರ ದರ ತಿಳಿಸಲು ಬಳಸುತ್ತಿದ್ದ ಕೈಸನ್ನೆಗಳನ್ನು ಮಾಡುತ್ತಾ ವರ್ಷಗಟ್ಟಲೆ ಕುಣಿದರು. ಎಷ್ಟೋ ಮಂದಿ ವೀಕ್ಷಕರಿಗೆ ಆ ಸನ್ನೆ ಒಂದೂ ಅರ್ಥವಾಗಿರಲಾರದು, ಆದರೂ ಯಾರೂ ಕಣ್ಣು ಕೀಳುತ್ತಿರಲಿಲ್ಲ. ಪರಿಣತಿ ಎಂದರೆ ಅದು.

ಪರಿಣತರ ಬಾಯಲ್ಲಿ ಬಾಜಿಯ ಮಾತು ಎಷ್ಟು ಬಂದರೂ ಸರಿಯೇ, ‘ಸೋಲುತ್ತೀರಿ’ ಎಂಬ ಮಾತು ಬರಕೂಡದು. ಭಾರತದಲ್ಲಿ ಕೆಲಸ ಮಾಡುವವರಿಗೆ ಒಂದು ಅನುಕೂಲ ಹೆಚ್ಚು. 1996ರಲ್ಲಿ ಕೆ.ಆರ್. ಲಕ್ಷ್ಮಣನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕುದುರೆ ಪಂದ್ಯವನ್ನು ಕೌಶಲದ ಆಟ ಎಂದು ಎತ್ತಿಹಿಡಿದಿದೆ. ಜಿಎಸ್‌ಟಿಯವರು ಮಾತ್ರ ಅದನ್ನು ಕ್ಯಾಸಿನೊಗಳ ಸಾಲಿನಲ್ಲೇ ಕೂರಿಸಿ ಶೇಕಡಾ 28 ಹಾಕಿದರು, 2025ರ ಸೆಪ್ಟೆಂಬರಿನಲ್ಲಿ ಅದನ್ನು 40ಕ್ಕೆ ಏರಿಸಿದರು. ಪರಿಣತರ ಮೇಜಿನಲ್ಲಿ ಕೋರ್ಟಿನ ಮಾತು ಎತ್ತಿ, ತೆರಿಗೆಯ ಮಾತು ಬೇಡ.

ಗೇಟು ತೆರೆದ ಮೇಲೆ

ಇಲ್ಲಿಂದ ಕಣ್ಣಿಟ್ಟು ಓದಿ. ಇದುವರೆಗಿನದೆಲ್ಲ ಸಿದ್ಧತೆ, ನಿರ್ಮಾಪಕನ ಕಸುಬು ತಿಳಿಯುವುದು ಈ ಎರಡು ನಿಮಿಷದಲ್ಲಿ.

ಹಿಂದಿನವರು ಗ್ಯಾಲರಿಯ ನೆತ್ತಿಯ ಮೇಲೆ ಒಂದು ಕ್ಯಾಮೆರಾ ಇಟ್ಟು, ಗೇಟಿನಿಂದ ಗೆಲುವಿನ ಕಂಬದವರೆಗೆ ಅದನ್ನೇ ನಿಧಾನವಾಗಿ ತಿರುಗಿಸಿಕೊಂಡು ಹೋಗುತ್ತಿದ್ದರು. ಪರದೆಯಲ್ಲಿ ಕುದುರೆಗಳು ಹೆಬ್ಬೆರಳಿನಷ್ಟೇ ಇರುತ್ತಿದ್ದವು. ಆದರೆ ಇಡೀ ಗುಂಪು ಕಾಣುತ್ತಿತ್ತು. ಯಾವುದು ಮೊದಲೇ ಮುನ್ನುಗ್ಗಿ ಉಸಿರು ಕಳೆದುಕೊಳ್ಳುತ್ತಿದೆ, ಯಾವುದು ಒಳಬೇಲಿಗೆ ಅಂಟಿಕೊಂಡು ದಾರಿ ಉಳಿಸುತ್ತಿದೆ, ಯಾವ ಜಾಕಿ ಮೂರು ಕುದುರೆಗಳ ಬೆನ್ನಿಗೆ ಸಿಕ್ಕಿಬಿದ್ದು ಸಂದಿಗಾಗಿ ತಡಕಾಡುತ್ತಿದ್ದಾನೆ, ಯಾರು ತಿರುವಿನಲ್ಲಿ ಹೊರಗಡೆಯಿಂದ ಬಳಸಿ ಬರುತ್ತಿದ್ದಾರೆ, ಎಲ್ಲವೂ ಒಂದೇ ನೋಟದಲ್ಲಿ. ಒಂದು ಕುದುರೆ ಇನ್ನೊಂದರಿಂದ ಎಷ್ಟು ದೂರದಲ್ಲಿದೆ, ಆ ದೂರ ಹಿಗ್ಗುತ್ತಿದೆಯೋ ಕುಗ್ಗುತ್ತಿದೆಯೋ, ರೇಸೆಂದರೆ ಇಷ್ಟೇ ತಾನೆ. ಈ ದೂರ ವೀಕ್ಷಕನಿಗೆ ತಿಳಿಯದಂತೆ ನೋಡಿಕೊಳ್ಳುವುದು ನಿಮ್ಮ ಕೆಲಸ.

ವಿಧಾನ ಹೀಗೆ. ಗೇಟು ತೆರೆದು ಕುದುರೆಗಳನ್ನು ಎಣಿಸುವಷ್ಟರಲ್ಲಿ ದೃಶ್ಯ ಕತ್ತರಿಸಿ. ಹಾದಿಯ ಪಕ್ಕ ಓಡುವ ಗಾಡಿಯ ಮೇಲಿನ ಕ್ಯಾಮೆರಾಕ್ಕೆ ಹೋಗಿ. ಅಲ್ಲಿ ಹೊರಗಿನ ಒಂದು ಕುದುರೆ ಬಿಟ್ಟರೆ ಉಳಿದ ಹತ್ತೊಂಬತ್ತೂ ಮರೆಯಾಗುತ್ತವೆ. ಅಲ್ಲಿಂದ ತಿರುವಿನ ಎದುರಿಗಿರುವ ದೊಡ್ಡ ಲೆನ್ಸಿಗೆ ಬನ್ನಿ. ದೂರದಿಂದ ಎಳೆದು ತೋರಿಸುವ ಲೆನ್ಸಿನ ಗುಣವೆಂದರೆ ಹಿಂದುಮುಂದಿನ ಅಂತರವನ್ನೇ ಅದು ನುಂಗಿಹಾಕುತ್ತದೆ. ಐದಾರು ಕುದುರೆಯುದ್ದ ಹಿಂದಿರುವ ಕುದುರೆಯೂ ಮುಂದಿನದರ ಭುಜಕ್ಕೆ ಭುಜ ಕೊಟ್ಟು ಬರುತ್ತಿರುವಂತೆ ಕಾಣುತ್ತದೆ. ಆಮೇಲೆ ಡ್ರೋನ್, ಆಮೇಲೆ ಜಾಕಿಯ ತಲೆಗೆ ಕಟ್ಟಿದ ಪುಟ್ಟ ಕ್ಯಾಮೆರಾ, ಆಮೇಲೆ ಗೊರಸು. ಗೊರಸಿನಿಂದ ಮಣ್ಣು ಹಾರುವುದನ್ನು ಮರೆಯದೆ ತೋರಿಸಿ. ಯಾವ ಕುದುರೆಯ ಗೊರಸು ಎಂದು ಯಾರೂ ಕೇಳುವುದಿಲ್ಲ. ಮುಹೂರ್ತದ ಗಳಿಗೆಗೆ ಸರಿಯಾಗಿ ಮಂಟಪ ಹತ್ತಿ, ನೆಂಟರಿಗೆಲ್ಲ ಬೆನ್ನು ತೋರಿಸಿ ನಿಂತು, ಮದುಮಗಳ ಮೆಹಂದಿಯನ್ನೇ ಹಿಡಿಯುತ್ತಿರುವ ವಿಡಿಯೊದವರನ್ನು ನೀವು ನೋಡಿರಬಹುದು. ಅವರನ್ನು ಗುರುವಾಗಿಟ್ಟುಕೊಳ್ಳಿ.

ಮಾಡಬಾರದ್ದಕ್ಕೆ ಒಂದು ಉದಾಹರಣೆ ಕೊಡಬೇಕೆಂದರೆ 1973ರ ಜೂನ್. ನ್ಯೂಯಾರ್ಕಿನ ಬೆಲ್ಮಾಂಟ್ ಮೈದಾನದಲ್ಲಿ ಅದೇ ಸೆಕ್ರೆಟೇರಿಯಟ್ ಹನ್ನೆರಡು ಫರ್ಲಾಂಗನ್ನು 2 ನಿಮಿಷ 24 ಸೆಕೆಂಡಿನಲ್ಲಿ ಓಡಿ 31 ಲೆಂಗ್ತ್ ಅಂತರದಿಂದ ಗೆದ್ದಿತು. ಕುದುರೆಯ ಮೂತಿಯಿಂದ ಬಾಲದವರೆಗಿನ ಅಳತೆಗೆ ಒಂದು ಲೆಂಗ್ತ್ ಎನ್ನುತ್ತಾರೆ. ಅಂಥ ಮೂವತ್ತೊಂದು ಕುದುರೆ ನಿಲ್ಲುವಷ್ಟು ಬರಿದಾದ ಹಾದಿ. ಸಿಬಿಎಸ್‌ನ ಕ್ಯಾಮೆರಾದವರು ಹಿಂದಿನವುಗಳನ್ನೂ ಚೌಕಟ್ಟಿನೊಳಗೆ ಹಿಡಿದಿಡಲು ನೋಟವನ್ನು ಅಗಲಿಸುತ್ತಾ ಅಗಲಿಸುತ್ತಾ ಹೋದರು. ಕುದುರೆ ಚಿಕ್ಕದಾಯಿತು, ಖಾಲಿ ಮಣ್ಣು ದೊಡ್ಡದಾಯಿತು. ಜಾಕಿಯ ಮುಖಭಾವ ಒಂದಿಷ್ಟೂ ಕಾಣಲಿಲ್ಲ. ಜನ ಇವತ್ತಿಗೂ ಆ ತುಣುಕನ್ನು ಹುಡುಕಿಕೊಂಡು ನೋಡುತ್ತಾರೆಂಬುದು ನಿಜ. ನಮ್ಮ ಪ್ರಸಾರದಲ್ಲಿ ಅಂಥದ್ದು ಮರುಕಳಿಸಕೂಡದು.

ದೂರದ ನೋಟ ಎಷ್ಟು ಅಪಾಯಕಾರಿ ಎಂಬುದಕ್ಕೆ 2022ರ ಡರ್ಬಿಯೂ ಸಾಕ್ಷಿ. ರಿಚ್ ಸ್ಟ್ರೈಕ್ ಎಂಬ ಕುದುರೆಗೆ ಓಡುವ ಅವಕಾಶ ಸಿಕ್ಕಿದ್ದೇ ಹಿಂದಿನ ದಿನ, ಇನ್ನೊಂದು ಕುದುರೆಯನ್ನು ಹಿಂತೆಗೆದುಕೊಂಡ ಮೇಲೆ. ಹಿಂದೊಮ್ಮೆ 30,000 ಡಾಲರಿಗೆ ಕೈಬದಲಾಗಿದ್ದ ಪ್ರಾಣಿ. ದರ ಒಂದಕ್ಕೆ ಎಂಬತ್ತು. ಎಲ್ಲರೂ ಎಪಿಸೆಂಟರ್ ಮತ್ತು ಝಾಂಡನ್ ನಡುವಿನ ಸೆಣಸಾಟವನ್ನೇ ನೋಡುತ್ತಿದ್ದರು. ಕೊನೆಯ ಗಳಿಗೆಯಲ್ಲಿ ಒಳಬೇಲಿಯ ಪಕ್ಕದಿಂದ ಇದು ನುಸುಳಿ ಬಂದು ಗೆದ್ದೇಬಿಟ್ಟಿತು. ಆಕಾಶದಿಂದ ಹಿಡಿದ ದೃಶ್ಯವೊಂದನ್ನು ಆಮೇಲೆ ಜಗತ್ತೆಲ್ಲ ನೋಡಿತು: ತೀರಾ ಹಿಂದಿನಿಂದ ಒಂದೊಂದೇ ಕುದುರೆಯನ್ನು ಬಳಸಿ, ಸಂದಿ ಸಿಕ್ಕಲ್ಲಿ ತೂರಿ, ತಡೆ ಬಂದಲ್ಲಿ ಪಕ್ಕಕ್ಕೆ ಸರಿದು ಬರುತ್ತಿರುವ ರಿಚ್ ಸ್ಟ್ರೈಕ್. ಇಡೀ ರೇಸಿನ ಕಥೆ ಆ ಒಂದು ತುಣುಕಿನಲ್ಲಿತ್ತು. ರೇಸು ನಡೆಯುವಾಗಲೇ ಅದನ್ನು ತೋರಿಸಿಬಿಟ್ಟರೆ ಆಮೇಲೆ ಪರಿಣತರಿಗೆ ವಿವರಿಸಲು ಏನು ಉಳಿಯುತ್ತದೆ?

ಬೆಂಗಳೂರಿನ ರೇಸ್ ಕೋರ್ಸಿನಲ್ಲಿ ಮೈಸೂರಿನದೋ ಹೈದರಾಬಾದಿನದೋ ಪಂದ್ಯವನ್ನು ಟಿವಿ ಪರದೆಯಲ್ಲಿ ನೋಡಲು ಸೇರುವವರ ಅಭಿಪ್ರಾಯವನ್ನು ಯಾವ ಕಾರಣಕ್ಕೂ ಕೇಳಬೇಡಿ. ಅವರಿಗೆ ಡ್ರೋನ್ ಬೇಡ, ಪಿಯಾನೊ ಬೇಡ, ಜಾಕಿಯ ತಾಯಿ ಬೇಡ. ಟಿಕೆಟ್ಟನ್ನು ಮುಷ್ಟಿಯಲ್ಲಿ ಹಿಡಿದು ‘ಬಾ ನಾಲ್ಕು, ಬಾ ನಾಲ್ಕು’ ಎನ್ನುವವರಿಗೆ ನಾಲ್ಕು ಎಲ್ಲಿದೆ ಎಂಬುದಷ್ಟೇ ಕಾಣಬೇಕು. ಆಡಂಬರವಿಲ್ಲದ, ಮೇಲಿನಿಂದ ಹಿಡಿದ, ಮಬ್ಬುಮಬ್ಬಾದ ಚಿತ್ರವೇ ಅವರಿಗೆ ಸಾಕು. ಇಂಥವರಿಂದ ಉದ್ಯಮ ಬೆಳೆಯುವುದಿಲ್ಲ, ಹಣ ಮಾತ್ರ ಬರುತ್ತದೆ.

ಧ್ವನಿ

ಇದೊಂದು ವಿಭಾಗದಲ್ಲಿ ಕೈಪಿಡಿ ಅಷ್ಟಾಗಿ ಸಹಾಯಕ್ಕೆ ಬರುವುದಿಲ್ಲ, ಯಾಕೆಂದರೆ ವೀಕ್ಷಕ ವಿವರಣೆಯವರು ನಿಜಕ್ಕೂ ಕೆಲಸ ಗೊತ್ತಿರುವವರು. ಬೆಳಗ್ಗೆ ಕೂತು ಪ್ರತಿ ಮಾಲೀಕನ ಬಣ್ಣದ ಅಂಗಿ ಟೋಪಿಗಳನ್ನು ಬಾಯಿಪಾಠ ಮಾಡುತ್ತಾರೆ, ಓಟ ಮುಗಿದ ಕೂಡಲೇ ಮರೆಯುತ್ತಾರೆ, ಮುಂದಿನ ಓಟಕ್ಕೆ ಮತ್ತೆ ಹೊಸ ಪಾಠ. ಲಿವರ್‌ಪೂಲಿನ ಏಂಟ್ರಿಯಲ್ಲಿ ನಡೆಯುವ ಗ್ರ್ಯಾಂಡ್ ನ್ಯಾಷನಲ್ ಮೂವತ್ತು ಬೇಲಿ ಹಾರುವ ಪಂದ್ಯ. 1967ರಲ್ಲಿ ಅದರ 23ನೇ ಬೇಲಿಯ ಹತ್ತಿರ ಕುದುರೆಗಳೆಲ್ಲ ಒಂದರ ಮೇಲೊಂದು ಬಿದ್ದು ರಾಶಿಯಾದವು. ಆ ಗೊಂದಲದಲ್ಲಿ ಹಿಂದಿನಿಂದ ಸಾವಧಾನವಾಗಿ ಬಂದು ಬೇಲಿ ಹಾರಿ ಹೋದ, ಒಂದಕ್ಕೆ ನೂರು ದರದ ಕುದುರೆಯ ಹೆಸರು ಫಾಯ್ನಾವನ್ ಎಂದು ವಿವರಣೆಕಾರ ಮೈಕೆಲ್ ಓ’ಹೆಹಿರ್ ತಕ್ಷಣ ಗುರುತಿಸಿ ಹೇಳಿದರು. ಅದೇ ಗೆದ್ದಿತು, ಬೇಲಿಗೂ ಅದರ ಹೆಸರೇ ಬಂತು. ಅವರನ್ನು ಆ ಹೊತ್ತಿನಲ್ಲಿ ಯಾರೂ ಟೋಪಿಯ ಬಗ್ಗೆ ಕೇಳಿರಲಿಲ್ಲ.

1993ರಲ್ಲಿ ಅದೇ ಏಂಟ್ರಿಯಲ್ಲಿ ಎರಡನೇ ಬಾರಿಯೂ ಆರಂಭ ತಪ್ಪಾಗಿ, ವಾಪಸ್ ಕರೆಯುವ ಸೂಚನೆ ಬಹುತೇಕ ಜಾಕಿಗಳಿಗೆ ತಿಳಿಯದೆ, 39ರಲ್ಲಿ 30 ಕುದುರೆಗಳು ಓಡಿಯೇ ಹೋದವು. ಏಳು ಕುದುರೆಗಳು ಪೂರ್ತಿ ದೂರ ಮುಗಿಸಿದವು. ಎಶಾ ನೆಸ್ ಮೊದಲು ಬಂತು. ರೇಸು ರದ್ದು. ನಡೆದೇ ಇಲ್ಲದ ರೇಸೊಂದಕ್ಕೆ ಪೀಟರ್ ಓ’ಸಲಿವನ್ ಮತ್ತು ಜೊತೆಗಾರರು ಕೊನೆಯವರೆಗೂ ವಿವರಣೆ ಕೊಟ್ಟರು. ಕ್ಯಾಮೆರಾಗಳು ನಡೆಯುತ್ತಿರುವುದನ್ನೇ ನೆಟ್ಟಗೆ ತೋರಿಸುತ್ತಿದ್ದವು. ಬೇರೆ ಏನು ತೋರಿಸಬೇಕೆಂದು ಯಾರಿಗೂ ಹೊಳೆದಿರಲಿಲ್ಲ. ಟಿವಿಯ ಕುದುರೆ ಪಂದ್ಯದ ಚರಿತ್ರೆಯಲ್ಲಿ ಅಷ್ಟು ಒಳ್ಳೆಯ ಮಧ್ಯಾಹ್ನಗಳು ಹೆಚ್ಚಿಲ್ಲ ಎಂದು ನನ್ನ ಲೆಕ್ಕ.

ಎಚ್ಚರಿಕೆ

ಕೆಲವು ಸಲ ಕುದುರೆ ಬೀಳುತ್ತದೆ. ಬಿದ್ದದ್ದು ಕೆಲವು ಸಲ ಏಳುವುದಿಲ್ಲ.

1975ರ ಜುಲೈಯಲ್ಲಿ ಬೆಲ್ಮಾಂಟ್‌ನಲ್ಲಿ ರಫಿಯನ್ ಎಂಬ ಹೆಣ್ಣು ಕುದುರೆಯನ್ನು ಆ ವರ್ಷದ ಡರ್ಬಿ ಗೆದ್ದಿದ್ದ ಫೂಲಿಶ್ ಪ್ಲೆಷರ್ ಎದುರು ಒಂದಕ್ಕೊಂದು ಓಡಿಸಿದರು. ಟಿವಿಗೆಂದೇ ಹೇಳಿ ಮಾಡಿಸಿದಂಥ ಪಂದ್ಯ. ನಡುದಾರಿಯಲ್ಲಿ ರಫಿಯನ್ ಕಾಲು ಮುರಿಯಿತು, ದೇಶವೆಲ್ಲ ನೋಡುತ್ತಿತ್ತು. 2008ರ ಡರ್ಬಿಯಲ್ಲಿ ಎರಡನೆಯದಾಗಿ ಬಂದ ಏಯ್ಟ್ ಬೆಲ್ಸ್ ಗುರಿ ದಾಟಿದ ಮೇಲೆ ಮುಂಗಾಲುಗಳೆರಡೂ ಮುರಿದು ಕುಸಿಯಿತು. ಅದಕ್ಕೆ ಅಲ್ಲೇ ಹಾದಿಯ ಮೇಲೆಯೇ ದಯಾಮರಣ ಕೊಟ್ಟರು. 2011ರ ಗ್ರ್ಯಾಂಡ್ ನ್ಯಾಷನಲ್‌ನಲ್ಲಿ ಓರ್ನೇ ಮತ್ತು ಡೂನೀಸ್ ಗೇಟ್ ಎಂಬೆರಡು ಕುದುರೆಗಳು ಮೊದಲ ಸುತ್ತಿನಲ್ಲಿ ಸತ್ತವು. ಎರಡನೇ ಸುತ್ತಿನಲ್ಲಿ ಉಳಿದವನ್ನು ಆ ಬೇಲಿಗಳ ಪಕ್ಕದಿಂದ ಕಳಿಸಿದರು. ಮೇಲಿನ ಕ್ಯಾಮೆರಾದಲ್ಲಿ ಟಾರ್ಪಾಲಿನ್ ಹೊದಿಸಿದ ಆಕಾರ ಮನೆಮನೆಗೂ ಕಂಡಿತು.

ನೋಡಿದಿರಾ, ಮತ್ತೆ ಅದೇ ದೂರದ ನೋಟ. ರಿಚ್ ಸ್ಟ್ರೈಕ್ ಬಂದ ದಾರಿಯನ್ನು ತೋರಿಸುವ ಕ್ಯಾಮೆರಾವೇ ಓರ್ನೇ ಬರಲಿಲ್ಲ ಎಂಬುದನ್ನೂ ತೋರಿಸಿಬಿಡುತ್ತದೆ. ಗೊರಸಿನ ಕ್ಯಾಮೆರಾಕ್ಕೆ ಇಂಥ ಕೆಟ್ಟ ಚಾಳಿ ಇಲ್ಲ. ಆದ್ದರಿಂದ ಕುದುರೆ ಬಿದ್ದ ಕೂಡಲೇ ಮುಂದಿನವರ ಹತ್ತಿರದ ನೋಟಕ್ಕೆ ಹೋಗಿ, ಮರುಪ್ರಸಾರದಲ್ಲಿ ಆ ಬೇಲಿಯನ್ನು ಬಿಟ್ಟುಬಿಡಿ. ಮೈದಾನದ ಸಿಬ್ಬಂದಿ ಹಸಿರು ಪರದೆ ಹಿಡಿದು ಓಡುವುದು ಕಂಡರೆ ತಕ್ಷಣ ಗುಲಾಬಿ ಹಾರಕ್ಕೆ ಬನ್ನಿ. ಡರ್ಬಿಯ ಹಾರದಲ್ಲಿ ನಾನೂರಕ್ಕೂ ಹೆಚ್ಚು ಗುಲಾಬಿ ಇರುತ್ತವೆ, ಬೇಕಾದಷ್ಟು ಹೊತ್ತು ತೋರಿಸಬಹುದು.

(ಕೈಪಿಡಿ ಬರೆದವನ ಸ್ವಂತ ಮಾತು, ಸಂಸ್ಥೆಗೆ ಸಂಬಂಧವಿಲ್ಲ: ನೆತ್ತರು ತೋರಿಸಿ ಎಂದು ಯಾರೂ ಕೇಳುತ್ತಿಲ್ಲ. ಬಿದ್ದದ್ದು ಯಾವ ಕುದುರೆ, ಅದಕ್ಕೇನಾಯಿತು ಎಂದು ಹೇಳುವುದಕ್ಕೆ ಹತ್ತು ಸೆಕೆಂಡು ಬೇಕು. ಆ ಕುದುರೆಯ ಲಾಯ, ಮಾಲೀಕ, ಮೇವು ಎಲ್ಲವನ್ನೂ ಪಿಯಾನೊ ಬಾರಿಸಿ ಮಧ್ಯಾಹ್ನವೇ ಪರಿಚಯ ಮಾಡಿಸಿದವರು ಸಂಜೆ ಅದರ ಹೆಸರನ್ನೇ ಎತ್ತದಿರುವುದು ನನಗೆ ಬಹಳ ಅಸಹ್ಯವಾಗಿ ಕಾಣುತ್ತದೆ. ಈ ಭಾಗವನ್ನು ಅಚ್ಚಿನಲ್ಲಿ ಕೈಬಿಡಬಹುದು.)

ಗೆಲುವಿನ ನಂತರ

ಗೆದ್ದ ಜಾಕಿಯನ್ನು ಕುದುರೆಯಿಂದ ಇಳಿಯಲು ಬಿಡಬೇಡಿ. ಇನ್ನೊಂದು ಕುದುರೆಯ ಮೇಲೆ ಕೂತ ವರದಿಗಾರ್ತಿ ಮೈಕು ಹಿಡಿದು ಪಕ್ಕದಲ್ಲೇ ಬರಲಿ. ‘ಹೇಗನ್ನಿಸುತ್ತಿದೆ?’ ಎಂದು ಕೇಳಿದರೆ ಸಾಕು. ಎರಡು ನಿಮಿಷ ಅರ್ಧ ಟನ್ ತೂಕದ ಪ್ರಾಣಿಯ ಮೇಲೆ ಮೊಣಕಾಲು ಮಡಚಿ ನಿಂತುಬಂದವನಿಗೆ ಉಸಿರೇ ಬರುತ್ತಿರುವುದಿಲ್ಲ. ಆ ಏದುಸಿರನ್ನು ಭಾವುಕತೆ ಎಂದು ಮಾರಬಹುದು. ರಿಚ್ ಸ್ಟ್ರೈಕ್ ಗೆದ್ದಾಗ ಮಾತ್ರ ಲೆಕ್ಕ ತಪ್ಪಿತು. ಕರೆದೊಯ್ಯಲು ಬಂದ ಕುದುರೆಯನ್ನೂ ಅದರ ಸವಾರನನ್ನೂ ಅದು ಕಚ್ಚತೊಡಗಿತು. ಆವತ್ತು ಪರದೆಯ ಮೇಲೆ ಕುದುರೆಯ ಅಭಿಪ್ರಾಯ ಕೇಳಿಬಂದದ್ದು ಅದೊಂದೇ ಸಲ.

ಫಲಿತಾಂಶ ತಡವಾದರೆ ಗಾಬರಿ ಬೇಡ. 2019ರ ಡರ್ಬಿಯಲ್ಲಿ ಮೊದಲು ಬಂದ ಮ್ಯಾಕ್ಸಿಮಮ್ ಸೆಕ್ಯುರಿಟಿ ತಿರುವಿನಲ್ಲಿ ಬೇರೆ ಕುದುರೆಗಳಿಗೆ ಅಡ್ಡ ಬಂತೆಂದು ತೀರ್ಪುಗಾರರು ಸುಮಾರು 22 ನಿಮಿಷ ದೃಶ್ಯಗಳನ್ನು ತಿರುಗಿಸಿ ನೋಡಿ, ಒಂದಕ್ಕೆ 65 ದರದ ಕಂಟ್ರಿ ಹೌಸ್ ಗೆದ್ದಿತೆಂದು ಸಾರಿದರು. ರೇಸಿಗಿಂತ ಹತ್ತು ಪಟ್ಟು ಉದ್ದದ ತೀರ್ಪು! ಟೋಪಿಯಿಲ್ಲದೆ, ಪುದೀನವಿಲ್ಲದೆ 22 ನಿಮಿಷ ತಾನಾಗಿ ತುಂಬಿತು. ಇಂಥ ಭಾಗ್ಯ ಪ್ರತಿ ವರ್ಷ ಬರುವುದಿಲ್ಲ.

ದೋಷ ಮತ್ತು ಪರಿಹಾರ

ವೀಕ್ಷಕ ಧ್ವನಿ ಮುಚ್ಚಿ ನೋಡುತ್ತಿದ್ದಾನೆ: ಪರದೆಯ ಮೇಲಿನ ಅಕ್ಷರಗಳನ್ನು ದೊಡ್ಡದು ಮಾಡಿ. ಕುದುರೆಗಳು ಮುಚ್ಚಿಹೋದರೆ ಹೋಗಲಿ.

ಯಾವುದು ಎರಡನೆಯದು ಬಂತೆಂದು ಫೋನು ಬರುತ್ತಿದೆ: ಎರಡನೆಯದರ ಮೇಲೂ ಜನ ಹಣ ಕಟ್ಟಿರುತ್ತಾರೆಂದು ಕೆಳಗಿನವರಿಗೆ ತಿಳಿಸಿ, ಫೋನು ತೆಗೆಯಬೇಡಿ.

ರೇಸನ್ನು ಒಂದೇ ಕ್ಯಾಮೆರಾದಲ್ಲಿ, ಮೊದಲಿನಿಂದ ಕೊನೆಯವರೆಗೆ, ಇನ್ನೊಮ್ಮೆ ತೋರಿಸಿ ಎಂದು ಕೇಳುತ್ತಿದ್ದಾರೆ: ಕಡತ ಸಿಗುತ್ತಿಲ್ಲ ಎನ್ನಿ.

ವೀಕ್ಷಕ ಏಳಕ್ಕೆ ಹತ್ತು ನಿಮಿಷವಿರುವಾಗ ಟಿವಿ ಹಚ್ಚಿ, ಏಳೂ ಐದಕ್ಕೆ ಆರಿಸುತ್ತಿದ್ದಾನೆ: ಇದು ಅತ್ಯಂತ ಗಂಭೀರ ದೋಷ. ಅಲ್ಲಿನ ಸಂಜೆ ಏಳು ಎಂದರೆ ನಮ್ಮಲ್ಲಿ ಭಾನುವಾರ ನಸುಕಿನ ನಾಲ್ಕೂವರೆ. ಅಷ್ಟು ಹೊತ್ತಿಗೆ ಅಲಾರಂ ಇಟ್ಟು ಎದ್ದು ಕೂರುವ ಬೆಂಗಳೂರಿನ ಹಳೇ ಹುಲಿಗಳಲ್ಲಿ ಈ ದೋಷ ಇನ್ನೂ ಹೆಚ್ಚು. ಪರಿಹಾರ ಒಂದೇ: ಗೇಟು ತೆರೆಯುವ ಸರಿಯಾದ ಹೊತ್ತನ್ನು ಯಾರಿಗೂ ಬಿಟ್ಟುಕೊಡಬೇಡಿ. ಮೂರು ಗಂಟೆಯಿಂದಲೇ ‘ಇನ್ನೇನು ಶುರು’ ಎನ್ನುತ್ತಿರಿ.